ಅಜ್ಜಿಯ ಬಿಸಿ ರೊಟ್ಟಿ ಯಾರ ಪಾಳಿ?

(ಮನೆಯವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದಂತೆ ವಯಸ್ಸು, ಉದ್ಯೋಗ, ಊರುಗಳನ್ನು ಬದಲಿಸಿದ್ದೇನೆ.)

ಎಳ್ಳಮಾವಾಸ್ಯೆ ಕಳೆದ ಮೂರನೆಯ ದಿನ ಗಂಡ, ಹೆಂಡತಿ ಮತ್ತು ಗಂಡನ ತಾಯಿ ಕಲಬುರಗಿಯ ನನ್ನ ಕುಟುಂಬ ಆಪ್ತಸಮಾಲೋಚನೆಯ ಕೊಠಡಿಗೆ ಬಂದರು. ಮಗ ನಡುವಿನ ಕುರ್ಚಿಯಲ್ಲಿ ಕುಳಿತ. ಮಗ ಎಲ್ಲಿ ಕುಳಿತುಕೊಳ್ಳುತ್ತಾನೆ ಎಂಬುದರಲ್ಲೇ ಎಷ್ಟೋ ಸಲ ಅರ್ಧ ಕಥೆ ಸಿಕ್ಕಿಬಿಡುತ್ತದೆ.

ಸೊಸೆಗೆ 27 ವರ್ಷ. ಕಲ್ಯಾಣ ಕರ್ನಾಟಕದವರಿಗಿರುವ 371(ಜೆ) ಮೀಸಲಾತಿಯಲ್ಲಿ ಆಯ್ಕೆಯಾಗಿ ಜೇವರ್ಗಿ ತಾಲ್ಲೂಕಿನ ಹಳ್ಳಿಯೊಂದರ ಶಾಲೆಯಲ್ಲಿ ಶಿಕ್ಷಕಿ. ಹಬ್ಬದ ದಿನವೂ ಶಾಲೆಗೆ ಹೋಗಿದ್ದಳು. ಹೊಲಕ್ಕೆ ಒಯ್ಯಬೇಕಾದ ಭಜ್ಜಿ, ಕಡುಬು, ಸಜ್ಜೆ ರೊಟ್ಟಿಯನ್ನೆಲ್ಲ ಅತ್ತೆ ನಸುಕಿನ ಮೂರು ಗಂಟೆಗೆ ಎದ್ದು ಒಬ್ಬರೇ ಮಾಡಿದರು. ಹೊಲದಲ್ಲಿ ಚರಗ (ಬೆಳೆಗೆ ಎರಚುವ ಎಡೆ) ಚೆಲ್ಲಿ ಬಂದ ಸಂಜೆ, ಎಂಬತ್ತು ದಾಟಿದ ಅಜ್ಜಿ ಎಂದಿನಂತೆ ಬಿಸಿ ರೊಟ್ಟಿ ಕೇಳಿದ್ದಾರೆ. ಹಲ್ಲಿಲ್ಲದ ಬಾಯಿಗೆ ಖಡಕ್ ರೊಟ್ಟಿ ನಡೆಯುವುದಿಲ್ಲ. ಹಂಚಿನಿಂದ ಇಳಿದ ಮೆತ್ತನೆಯ ಜೋಳದ ರೊಟ್ಟಿಯೇ ಬೇಕು. ಸೊಸೆ ಆಗಷ್ಟೇ ಬಸ್ ಇಳಿದು ಬಂದಿದ್ದಳು. ಅತ್ತೆ ಹಿಟ್ಟಿನ ಪರಾತವನ್ನು ಅವಳ ಮುಂದೆ ಸರಿಸಿದರು. ಅವಳು ಅದನ್ನು ಹಿಂದಕ್ಕೆ ಸರಿಸಿದಳು. ಆಮೇಲೆ ನಡೆದದ್ದು ಎಲ್ಲರ ಮನೆಯಲ್ಲೂ ನಡೆಯುವಂಥದ್ದೇ.

ಮೊದಲ ಭೇಟಿಯಲ್ಲಿ ನಾನು ತಪ್ಪು ಮಾಡಿದೆ. ಬೆಳಿಗ್ಗೆ ಯಾರು, ಸಂಜೆ ಯಾರು ಎಂದು ಪಾಳಿ ಹಂಚಿಕೊಟ್ಟು ಕಳಿಸಿದೆ. ಹತ್ತೇ ದಿನಕ್ಕೆ ವಾಪಸ್ ಬಂದರು, ಇನ್ನಷ್ಟು ಬಿಗಿದ ಮುಖಗಳೊಂದಿಗೆ. ಪಾಳಿ ಹಂಚುವುದು ಸುಲಭ. ಆದರೆ ಆ ಮನೆಯಲ್ಲಿ ಜಗಳ ಇದ್ದದ್ದು ಪಾಳಿಯ ಬಗ್ಗೆ ಅಲ್ಲ ಎಂದು ಗೊತ್ತಾದದ್ದು ಅತ್ತೆಯೊಬ್ಬರನ್ನೇ ಕೂರಿಸಿ ಮಾತನಾಡಿಸಿದಾಗ.

1986ರಲ್ಲಿ ಅವರ ಮದುವೆಯಾದಾಗ ವಯಸ್ಸು ಹದಿನಾರು. ಹೆಣ್ಣಿಗೆ 18 ತುಂಬಿರಬೇಕು ಎಂಬ ಕಾನೂನು 1978ರಲ್ಲೇ ಬಂದಿತ್ತು; ಅವರ ಮನೆಯಲ್ಲಿ ಅದನ್ನು ಕೇಳಿದವರಿಲ್ಲ. ಕೊಟ್ಟದ್ದು ಸೋದರತ್ತೆಯ ಮಗನಿಗೆ, ಅಂದರೆ ಈ ಅಜ್ಜಿಯ ಮಗನಿಗೆ. "ನನಗೆ ಅತ್ತೆಯೂ ಅವರೇ, ಅತ್ತೆಯೂ ಅವರೇ" ಎಂದು ನಕ್ಕರು. ನಮ್ಮ ಭಾಷೆಯಲ್ಲಿ ತಂದೆಯ ಅಕ್ಕತಂಗಿಗೂ ಗಂಡನ ತಾಯಿಗೂ ಒಂದೇ ಪದ ಇರುವುದು ಸುಮ್ಮನೆ ಅಲ್ಲ. ಒಳಸಂಬಂಧದ ಮದುವೆಯಲ್ಲಿ ಹುಡುಗಿ ಕಂಡ ಮುಖದ ಮನೆಗೇ ಬರುತ್ತಿದ್ದಳು. ಕಷ್ಟ ಕಡಿಮೆ ಇತ್ತು ಎಂದಲ್ಲ. ಬಾಯಿ ಬಿಟ್ಟರೆ ತವರೂ ಗಂಡನ ಮನೆಯೂ ಒಟ್ಟಿಗೇ ಕೆಡುತ್ತಿದ್ದವು, ಹಾಗಾಗಿ ಬಾಯಿ ಬಿಡುತ್ತಿರಲಿಲ್ಲ. ಈ ಸೊಸೆ ಮೊಬೈಲ್‌ನಲ್ಲಿ ಬಯೋಡೇಟಾ ನೋಡಿ ಬೀದರ್ ಕಡೆಯಿಂದ ತಂದವಳು. ಅವಳಿಗೆ ಅತ್ತೆ ಎಂದರೆ ಗಂಡನ ತಾಯಿ, ಅಷ್ಟೇ.

ಮೂವತ್ತೆಂಟು ವರ್ಷ ತಮ್ಮ ಅತ್ತೆಗೆ ರೊಟ್ಟಿ ಬಡಿದಿದ್ದಾರೆ ಈ ಅತ್ತೆ. ಸೊಸೆ ಬಂದರೆ ಪರಾತ ಕೈ ಬದಲಾಗುತ್ತದೆ ಎಂಬುದು ಯಾರೂ ಬರೆದುಕೊಡದ ಕರಾರು. ಸೊಸೆ ಬಂದಳು, ಪರಾತ ಅಲ್ಲೇ ಉಳಿಯಿತು. "ಗೃಹಲಕ್ಷ್ಮಿ ದುಡ್ಡಿಗೆ ಸರ್ಕಾರ ನನ್ನನ್ನು ಯಜಮಾನಿ ಎಂದು ಬರೆದುಕೊಂಡಿದೆ. ಒಲೆಯ ಮುಂದೆ ನಾನು ಇನ್ನೂ ಸೊಸೆಯೇ" ಎಂದರು. ಆ ಮಾತನ್ನು ನನ್ನ ವಹಿಯಲ್ಲಿ ಬರೆದುಕೊಂಡೆ. ಅವರ ಸಿಟ್ಟು ಸೊಸೆಯ ಮೇಲಿನದು ಎಂದು ಅಲ್ಲಿಯವರೆಗೆ ಅವರೂ ನಂಬಿದ್ದರು, ನಾನೂ ನಂಬಿದ್ದೆ.

ಸೊಸೆಯನ್ನು ಬೇರೆಯಾಗಿ ಕಂಡಾಗ ಇನ್ನೊಂದು ಸಂಗತಿ ಹೊರಬಿತ್ತು. ಪ್ರತಿ ತಿಂಗಳು ಅವಳು ಮನೆಖರ್ಚಿಗೆ ಹತ್ತು ಸಾವಿರ ಕೊಡುತ್ತಾಳೆ, ಗಂಡನ ಕೈಗೆ. ಅವನು ಅದನ್ನು ತನ್ನ ಹಣದ ಜೊತೆ ಸೇರಿಸಿ ತಾಯಿಗೆ ಕೊಡುತ್ತಾನೆ. ಎರಡು ವರ್ಷದಿಂದ ಅತ್ತೆ ತಿಳಿದಿದ್ದದ್ದು ಸೊಸೆ ಒಂದು ರೂಪಾಯಿಯನ್ನೂ ಬಿಚ್ಚುವುದಿಲ್ಲ ಎಂದು. "ಹೇಳಬೇಕು ಅನ್ನಿಸಲಿಲ್ಲ" ಎಂದ ಮಗ. ದಾಲ್ ಮಿಲ್‌ನಲ್ಲಿ ಚೀಲಚೀಲದ ಲೆಕ್ಕ ಇಡುವವನು! ಒಬ್ಬಳ ಮಾತನ್ನು ಇನ್ನೊಬ್ಬಳಿಗೆ ಸಾಗಿಸುತ್ತ, ದಾರಿಯಲ್ಲಿ ಬೇಕಾದದ್ದನ್ನು ಇಳಿಸಿಕೊಳ್ಳುತ್ತ, ಇಬ್ಬರಿಗೂ ಒಳ್ಳೆಯವನಾಗಿ ಉಳಿದಿದ್ದ.

ಮಾವನವರ ಬಗ್ಗೆ ಬರೆಯಲು ಹೆಚ್ಚಿಲ್ಲ. ಒಮ್ಮೆ ಬಂದರು, ಹೊರಗೆ ಬೆಂಚಿನ ಮೇಲೆ ಪತ್ರಿಕೆ ಓದಿದರು.

ಹೊಡೆತ, ವರದಕ್ಷಿಣೆ ಪೀಡನೆ, ಬೆದರಿಕೆ ಇದೆಯೇ ಎಂದು ಇಬ್ಬರು ಹೆಂಗಸರನ್ನೂ ಬೇರೆಬೇರೆಯಾಗಿ ಕೇಳಿದ್ದೆ. ಇರಲಿಲ್ಲ. ಇದ್ದಿದ್ದರೆ ಕುರ್ಚಿಗಳನ್ನು ಎದುರುಬದುರು ಹಾಕುತ್ತಲೇ ಇರಲಿಲ್ಲ. ಮಹಿಳಾ ಸಹಾಯವಾಣಿ 181 ಮತ್ತು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ದಾರಿಯನ್ನು ತೋರಿಸುತ್ತಿದ್ದೆ.

ಮೂರನೆಯ ಭೇಟಿಯಲ್ಲಿ ಮಗನನ್ನು ನಡುವಿನ ಕುರ್ಚಿಯಿಂದ ಎಬ್ಬಿಸಿ ಕೊನೆಯ ಕುರ್ಚಿಯಲ್ಲಿ ಕೂರಿಸಿದೆ. ಸೊಸೆಗೆ ಹೇಳಿದ್ದು: ಹಣವನ್ನು ಇನ್ನು ಮುಂದೆ ಅತ್ತೆಯ ಕೈಗೇ ಕೊಡು, ಎಷ್ಟು ಎಂದು ಬಾಯಿಬಿಟ್ಟು ಹೇಳಿ ಕೊಡು. ಎಳ್ಳಮಾವಾಸ್ಯೆಗೆ ರಜೆ ಸಿಗುವುದಿಲ್ಲ ಎಂದಾದರೆ ವಾರ ಮೊದಲೇ ಹೇಳು. ಹಿಂದಿನ ದಿನ ಗಂಡ ಯಾವ ಕೆಲಸ ಮುಗಿಸಿಡುತ್ತಾನೆ ಎಂದು ಅವನಿಂದಲೇ ಹೇಳಿಸು. ಮಗನಿಗೆ ಹೇಳಿದ್ದು: ವಾರದಲ್ಲಿ ನಾಲ್ಕು ಸಂಜೆ ಅಜ್ಜಿಯ ರೊಟ್ಟಿ ನಿನ್ನದು. ಅವಳು ನಿನ್ನ ಅಜ್ಜಿ. ಸೊಸೆಗೆ ಅವಳು ಗಂಡನ ಅಜ್ಜಿ. ಕೈ ಸುಟ್ಟರೆ ಸುಡಲಿ.

ಅವನು ಕಲಿತ. ಬಿಸಿನೀರು ಸುರಿದು ನಾದದಿದ್ದರೆ ಜೋಳದ ಹಿಟ್ಟು ಕೂಡುವುದಿಲ್ಲ, ಅಂಚು ಬಿರಿಯುತ್ತದೆ ಎಂದು ಎರಡು ದಿನಕ್ಕೆ ಗೊತ್ತಾಯಿತು. ಆದರೆ ನಾನು ಎಣಿಸದ ತೊಡಕೊಂದು ಎದ್ದಿತು. ಮೊಮ್ಮಗ ಬಡಿದ ದಪ್ಪ ರೊಟ್ಟಿಯನ್ನು ಅಜ್ಜಿ ಬಾಯಿತುಂಬ ಹೊಗಳಿದರು. ನೆರೆಮನೆಯವರನ್ನು ಕರೆದು ತೋರಿಸಿದರು. ಅತ್ತೆ ಫೋನ್ ಮಾಡಿ ಅತ್ತುಬಿಟ್ಟರು: "ನನ್ನ ರೊಟ್ಟಿಗೆ ಒಂದು ದಿನ ಚೆನ್ನಾಗಿದೆ ಎಂದಿಲ್ಲ." ಗಂಡಸು ಒಲೆಯ ಮುಂದೆ ಕೂತರೆ ಊರಿಗೆಲ್ಲ ಹಬ್ಬ. ಹೊಗಳಿದಾಗ ಹಿಗ್ಗಬೇಡ, "ಅವ್ವನದು ಇದಕ್ಕಿಂತ ತೆಳ್ಳಗಿರುತ್ತದೆ" ಎಂದು ಅಜ್ಜಿಗೆ ಕೇಳುವಂತೆ ಹೇಳು ಎಂದು ಅವನಿಗೆ ತಿಳಿಸಿದೆ. ಇದೂ ಅವನ ಕೆಲಸದ ಭಾಗವೇ.

ಅತ್ತೆಗೆ ನಾನು ಸಲಹೆ ಕೊಡಲಿಲ್ಲ, ಒಂದು ಪ್ರಶ್ನೆ ಕೇಳಿದೆ. ಸೊಸೆ ಪರಾತ ತೆಗೆದುಕೊಂಡಿದ್ದರೆ ನೀವು ಏನು ಮಾಡುತ್ತಿದ್ದಿರಿ? ಬಹಳ ಹೊತ್ತು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದರು. "ಗಾಣಗಾಪುರಕ್ಕೆ ಹೋಗುತ್ತಿದ್ದೆ, ಹುಣ್ಣಿಮೆಗೆ. ನಮ್ಮ ಓಣಿಯ ಹೆಂಗಸರೆಲ್ಲ ಹೋಗುತ್ತಾರೆ." 2023ರಿಂದ ಸರ್ಕಾರಿ ಬಸ್‌ನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಕೈಯಲ್ಲಿ ತಮ್ಮದೇ ಎರಡು ಸಾವಿರವೂ ಇದೆ. ಇಲ್ಲದ್ದು ಸಂಜೆಯ ರೊಟ್ಟಿಯ ಚಿಂತೆಯಿಂದ ಬಿಡುಗಡೆ. ಪ್ರತಿ ಹುಣ್ಣಿಮೆ ಅವರ ರಜೆ, ಅಂದಿನ ಅಡುಗೆ ಮಗ ಸೊಸೆಯರದು, ಹಿಂದಿನ ರಾತ್ರಿ ಏನನ್ನೂ ಮಾಡಿಟ್ಟು ಹೋಗಬಾರದು ಎಂದು ಎಲ್ಲರೂ ಒಪ್ಪಿದರು.

ಸೊಸೆಗೆ ಇನ್ನೊಂದು ಭಯವಿದೆ: ಮಗುವಾದರೆ ನೌಕರಿ ಬಿಡು ಎನ್ನುತ್ತಾರೇನೋ ಎಂದು. ಅದನ್ನು ನಾವು ಇನ್ನೂ ಮುಟ್ಟಿಲ್ಲ.

ಮೊದಲ ಹುಣ್ಣಿಮೆಗೆ ಅಜ್ಜಿಗೆ ನೆಗಡಿ ಎಂದು ಅತ್ತೆ ಹೋಗಲಿಲ್ಲ. ಎರಡನೆಯದಕ್ಕೆ ಹೋದರು. ಮರುದಿನ ಸೊಸೆ ಫೋನ್ ಮಾಡಿದಳು. ಬಸ್ ನಿಲ್ದಾಣದಿಂದ ಅತ್ತೆ ಅವಳಿಗೇ ಕರೆ ಮಾಡಿದ್ದರಂತೆ, ಆಧಾರ್ ಕಾರ್ಡ್ ಮರೆತೆ, ಗಂಡನ ಕೈಯಲ್ಲಿ ಕಳಿಸು ಎಂದು. ರಾತ್ರಿ ಮರಳಿದವರು ಪ್ರಸಾದದ ಚೀಲ ಇಳಿಸಿ ನೇರ ಅಡುಗೆಮನೆಗೆ ಹೋಗಿ ಡಬ್ಬಿ ತೆರೆದರಂತೆ.

"ಒಪ್ಪಂದ ಮುರಿದು ಹಿಂದಿನ ರಾತ್ರಿ ಹತ್ತು ರೊಟ್ಟಿ ಬಡಿದಿಟ್ಟಿದ್ದರು, ಮೇಡಂ. ಹಾಗೇ ಇದ್ದವು, ಹತ್ತೂ. ನಾವು ಬೇರೆ ಮಾಡಿಕೊಂಡಿದ್ದೆವು."

ಅತ್ತೆ ಏನೆಂದರು ಎಂದು ಕೇಳಿದೆ. ಏನೂ ಹೇಳಲಿಲ್ಲವಂತೆ. ಉಳಿದ ರೊಟ್ಟಿಗಳನ್ನು ಮುರಿದು ಮರುದಿನದ ಒಗ್ಗರಣೆಗೆ ತೆಗೆದಿಟ್ಟು ಮಲಗಿದರಂತೆ.