ಛೇದಿಸುವ ಪಾರದರ್ಶಕ ಮೇಲ್ಮೈಗಳು ಹಿಂದುಮುಂದಾಗಿ ಕಾಣುವುದರ ಬಗ್ಗೆ

ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ (ಪೈಥಾನ್‌ನಲ್ಲಿ ಚಿತ್ರ ಬಿಡಿಸುವ ಲೈಬ್ರರಿ) ಒಂದನ್ನೊಂದು ಛೇದಿಸುವ ಕೆಂಪು, ನೀಲಿ ಪಾರದರ್ಶಕ ಮೇಲ್ಮೈಗಳ ನಿಮ್ಮ 3ಡಿ ಚಿತ್ರವನ್ನು ತಿರುಗಿಸಿದೊಡನೆ ಹಿಂದಿರಬೇಕಾದ ನೀಲಿ ಮೇಲ್ಮೈ ಕೆಂಪಿನ ಮುಂದೆ ಬರುತ್ತಿರುವುದಕ್ಕೆ ಬಹುಮಟ್ಟಿಗೆ ಕಾರಣ ಆಲ್ಫಾ ಮೌಲ್ಯವಲ್ಲ (ಮೇಲ್ಮೈ ಎಷ್ಟು ಪಾರದರ್ಶಕ ಎಂಬುದನ್ನು ಹೇಳುವ ಸಂಖ್ಯೆ; 0 ಪೂರ್ಣ ಪಾರದರ್ಶಕ, 1 ಪೂರ್ಣ ಅಪಾರದರ್ಶಕ), ಬಿಡಿಸುವ ಕ್ರಮ. ಈ ಲೈಬ್ರರಿಯು ಪ್ರತಿ ಪಿಕ್ಸೆಲ್‌ನ ಆಳವನ್ನು ನೋಡದೆ, ಒಂದೊಂದು ಮೇಲ್ಮೈಯನ್ನೂ ಇಡಿಯಾಗಿ ಹಿಂದೆ ಅಥವಾ ಮುಂದೆ ಎಂದು ನಿರ್ಧರಿಸಿ ಬಿಡಿಸುತ್ತದೆ. ಆಲ್ಫಾ 0.5 ಇದ್ದಾಗ ಮುಂದಿನ ಪದರದ ಬಣ್ಣ ಅರ್ಧದಷ್ಟು, ಹಿಂದಿನದು ಕಾಲು ಭಾಗ ಮಾತ್ರ ಸೇರುವುದರಿಂದ, ಕ್ರಮ ತಪ್ಪಿದರೆ ಬಣ್ಣವೂ ತಪ್ಪುತ್ತದೆ.

ಇದನ್ನು ಸರಿಪಡಿಸಲು, ಮೊದಲು ಎರಡೂ ಮೇಲ್ಮೈಗಳನ್ನು ರೂಪಿಸುವ ಸಣ್ಣ ಚತುರ್ಭುಜಗಳನ್ನು ಒಂದೇ ಪಾಲಿ3ಡಿಕಲೆಕ್ಷನ್‌ಗೆ (Poly3DCollection, ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ 3ಡಿ ಬಹುಭುಜಗಳ ಗುಂಪು) ಸೇರಿಸಿ, ಪ್ರತಿಯೊಂದಕ್ಕೂ ಅದರದೇ ಬಣ್ಣ ಕೊಡಿ. ಆಗ ಅವೆಲ್ಲವೂ ಸರಾಸರಿ ಆಳದ ಪ್ರಕಾರ ಒಟ್ಟಿಗೆ ವಿಂಗಡವಾಗುತ್ತವೆ. ಛೇದರೇಖೆಯ ಬಳಿ ಗರಗಸದಂಥ ಅಂಚು ಉಳಿದರೆ ಚತುರ್ಭುಜಗಳನ್ನು ಇನ್ನಷ್ಟು ಸಣ್ಣದಾಗಿಸಿ. ಎಷ್ಟು ಸಣ್ಣದಾದರೆ ಸಾಕು ಎಂಬುದು ಮೇಲ್ಮೈಯ ಬಾಗನ್ನು ಅವಲಂಬಿಸಿದೆ. ಅದೂ ಸಾಲದಿದ್ದರೆ ಪೈವಿಸ್ಟಾದಲ್ಲಿ (PyVista, ಪೈಥಾನ್‌ನ ಇನ್ನೊಂದು 3ಡಿ ಲೈಬ್ರರಿ) ಬಿಡಿಸಿ, ಡೆಪ್ತ್ ಪೀಲಿಂಗ್ (ಪ್ರತಿ ಪಿಕ್ಸೆಲ್‌ನಲ್ಲೂ ಪಾರದರ್ಶಕ ಪದರಗಳನ್ನು ಆಳದ ಕ್ರಮದಲ್ಲಿ ಸೇರಿಸುವ ವಿಧಾನ) ಚಾಲೂ ಮಾಡಿ.