ತೋಟದಂಚಿಗೆ ಮೂರು ಕೋಣೆ: ಒಂದೊಂದೇ ಅಂಕಣ ಕಟ್ಟಿ

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನಲ್ಲಿ ನಾಲ್ಕು ಎಕರೆ ಅಡಿಕೆ ತೋಟ. ಹೋಂಸ್ಟೇ ಮಾಡೋಣ ಅಂತ ಮನೆ ಪಕ್ಕದ ಜಾಗದಲ್ಲಿ ಮೂರು ಕೋಣೆ ಕಟ್ಟುವ ಯೋಚನೆ ಇದೆ. ರೆಡಿಮೇಡ್ ಮಾಡ್ಯುಲರ್ ಕಾಟೇಜ್ ತರಿಸಿಬಿಡೋಣ, ಬೇಗ ಮುಗಿಯುತ್ತೆ ಅಂತಾನೆ ಮಗ. ನನ್ನ ಹೆಂಡತಿಗೆ ನಮ್ಮ ಮಣ್ಣು, ಬಿದಿರಿನಲ್ಲೇ ಆಗಲಿ ಎನ್ನುವ ಆಸೆ. ಕೈಯಲ್ಲಿರುವ ದುಡ್ಡು ಒಂದೂವರೆ ಕೋಣೆಗೆ ಸಾಕಾಗಬಹುದು. ನಮ್ಮ ಕಡೆ ಮಳೆಗೆ ಮಣ್ಣಿನ ಗೋಡೆ ತಡೆಯುತ್ತದಾ?

ಉತ್ತರ: ತಡೆಯುತ್ತದೆ. ಆದರೆ ಗೋಡೆಯನ್ನು ಉಳಿಸುವುದು ಸೂರು ಮತ್ತು ಪಂಚಾಂಗ, ಅಂದರೆ ಗೋಡೆ ಕೂರುವ ಕಲ್ಲಿನ ಕಟ್ಟೆ. ಅವೆರಡನ್ನೂ ಸರಿ ಮಾಡಿಕೊಳ್ಳದೆ ಎಂಥ ಗೋಡೆ ಕಟ್ಟಿದರೂ ಎರಚಲು ಬಿಡುವುದಿಲ್ಲ.

ಮೊದಲು ನಿಮ್ಮ ಮಗನ ಮಾತಿಗೆ ಬರುತ್ತೇನೆ. ಅವರ ಯೋಚನೆಯಲ್ಲಿ ಅರ್ಧ ಸರಿ ಇದೆ. ಒಂದೇ ಅಳತೆ, ಒಂದೇ ನಮೂನೆ, ಬೇಕಾದಾಗ ಇನ್ನೊಂದು ಸೇರಿಸುವುದು – ಇದು ಮಲೆನಾಡಿಗೆ ಹೊಸದಲ್ಲ. ನಮ್ಮ ಹಳೇ ಮನೆಗಳನ್ನು ಅಂಕಣದ ಲೆಕ್ಕದಲ್ಲೇ ಕಟ್ಟುತ್ತಿದ್ದರು ಅಲ್ವಾ? ಎರಡು ತೊಲೆಗಳ ನಡುವಿನ ಜಾಗ ಒಂದು ಅಂಕಣ. ಮನೆ ದೊಡ್ಡದಾಗಬೇಕಾದರೆ ಅಂಕಣ ಜಾಸ್ತಿ ಮಾಡುತ್ತಿದ್ದರು. ನೀವೂ ಹಾಗೇ ಮಾಡಿ. ಫ್ಯಾಕ್ಟರಿಯಿಂದ ಬರುವ ಪೆಟ್ಟಿಗೆ ಕೋಣೆಗೆ ದೊಡ್ಡ ಲಾರಿ, ಕ್ರೇನು ಬೇಕು. ತೋಟದ ದಾರಿಯಲ್ಲಿ ಅವು ತಿರುಗುತ್ತವಾ ನೋಡಿ. ಅದರ ಒಂದು ಹಲಗೆ ಒಡೆದರೆ ಊರಿನ ಮೇಸ್ತ್ರಿ ಸರಿ ಮಾಡಲು ಆಗುವುದಿಲ್ಲ. ಕಂಪನಿಯವರನ್ನೇ ಕಾಯಬೇಕು.

ಇನ್ನು ಗೋಡೆ. ನಿಮ್ಮ ಕಡೆ ಜಂಬಿಟ್ಟಿಗೆ ಕಲ್ಲು (ಕೆಂಪು ಮುರಕಲ್ಲು) ಹತ್ತಿರದಲ್ಲೇ ಸಿಗುತ್ತದೆ. ಪಂಚಾಂಗಕ್ಕೆ ಮತ್ತು ಬಚ್ಚಲಿನ ಗೋಡೆಗೆ ಅದನ್ನೇ ಹಾಕಿ. ಕೋಣೆಯ ಗೋಡೆಗೆ ಒತ್ತಿದ ಮಣ್ಣಿನ ಬ್ಲಾಕ್ ಸಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರದವರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಕೈಯಲ್ಲಿ ಒತ್ತುವ ಯಂತ್ರವನ್ನೂ ಮಾಡಿದರು. ಮಣ್ಣಿಗೆ 7%ರಷ್ಟು ಸಿಮೆಂಟು ಬೆರೆಸಿ, ಒತ್ತಿ, ಮೂರು ವಾರ ನೀರುಣಿಸಿದರೆ ಆಯಿತು. ಭಟ್ಟಿ ಬೇಡ, ಸೌದೆ ಬೇಡ. ಬ್ಲಾಕ್ ಒಣಗಿದ ಮೇಲೆ ಒಂದನ್ನು ಬಕೆಟ್ ನೀರಿನಲ್ಲಿ ಒಂದು ದಿನ ಮುಳುಗಿಸಿಡಿ. ಅಂಚು ಕರಗಿ ಕೆಸರಾದರೆ ಮಿಶ್ರಣ ಸರಿ ಇಲ್ಲ ಎಂದೇ ಅರ್ಥ.

ಅಂಕಣದ ಅಳತೆಯನ್ನು ಬ್ಲಾಕಿನಿಂದಲೇ ತೆಗೆಯಿರಿ. 9 ಇಂಚಿನ ಬ್ಲಾಕು ಗಾರೆ ಸೇರಿ 9.5 ಇಂಚು ಆಗುತ್ತದೆ. ಸಾಲಿಗೆ 15 ಇಟ್ಟರೆ ಹತ್ತಿರ ಹತ್ತಿರ 12 ಅಡಿ. ಬಾಗಿಲು, ಕಿಟಕಿಯೂ ಇದೇ ಲೆಕ್ಕದಲ್ಲಿ ಕೂತರೆ ಮೇಸ್ತ್ರಿ ಬ್ಲಾಕ್ ಒಡೆಯುವ ಕೆಲಸವೇ ಬರುವುದಿಲ್ಲ. ಎರಡನೇ ಕೋಣೆಗೆ ಅದೇ ಚೌಕಟ್ಟು, ಅದೇ ಪಕಾಸಿ (ಮಾಡಿನ ಇಳಿಜಾರು ಮರ) ಅಳತೆ. ಬಡಗಿಗೂ ಕೆಲಸ ಸಲೀಸು.

ಬಿದಿರಿನ ವಿಷಯ ಮಾತ್ರ ನಿಧಾನವಾಗಿ ಓದಿ. ನನ್ನ ಕೈಯಲ್ಲೇ ಒಂದು ತಪ್ಪಾಗಿದೆ. ತೀರ್ಥಹಳ್ಳಿ ಕಡೆಯ ಒಂದು ತೋಟದಲ್ಲಿ ಜಗುಲಿಗೆ ಬಿದಿರಿನ ಕಂಬ ನಿಲ್ಲಿಸಿದ್ದೆ. ಬಲಿತ ಬಿದಿರನ್ನೇ ಆರಿಸಿ, ಗಂಟು ತೂತು ಮಾಡಿ, ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಕರಗಿಸಿದ ನೀರಿನಲ್ಲಿ ಹತ್ತು ದಿನ ನೆನೆಸಿದ್ದೆವು. ಹುಳ ಬೀಳಲಿಲ್ಲ. ಆದರೆ ಬುಡವನ್ನು ನೇರ ನೆಲದಲ್ಲೇ ಹೂತಿದ್ದೆ. ಎರಡನೇ ಮಳೆಗಾಲ ಮುಗಿದ ಮೇಲೆ ಹೋಗಿ ನೋಡಿದರೆ ಬುಡಕ್ಕೆ ಹೆಬ್ಬೆರಳು ಒತ್ತಿದಷ್ಟೂ ಒಳಗೆ ಹೋಗುತ್ತಿತ್ತು. ಅದೇ ಕಂಬದ ಮೇಲ್ಭಾಗ, ಸೂರಿನ ಅಡಿಯಲ್ಲಿದ್ದದ್ದು, ಬಡಿದರೆ ಠಣ್ ಅನ್ನುತ್ತಿತ್ತು. ಆ ಔಷಧಿ ನೀರಿನಲ್ಲಿ ಕರಗುವಂಥದ್ದು, ಮಳೆಗೆ ತೊಳೆದುಹೋಗುತ್ತದೆ. ಹಾಗಾಗಿ ಕಂಬವನ್ನು ನೆಲದಿಂದ ಒಂದಡಿಯಾದರೂ ಎತ್ತರದ ಕಲ್ಲಿನ ಮೇಲೆ ಕೂರಿಸಿ. ಮಳೆ ಬೀಳುವಲ್ಲಿ ಬಿದಿರು ಹಾಕಲೇಬೇಡಿ. ಒಳಗೆ ಎಷ್ಟು ಬೇಕಾದರೂ ಹಾಕಿ. ಮಾಳಿಗೆಗೆ ನಿಮ್ಮ ತೋಟದ ಹಳೇ ಮರ ಸೀಳಿದ ಅಡಿಕೆ ದಬ್ಬೆ ಇದೆಯಲ್ಲ, ಅದಕ್ಕಿಂತ ಚೆಂದದ್ದು ಪೇಟೆಯಲ್ಲಿ ಸಿಗುವುದಿಲ್ಲ.

ಸೂರು ಗೋಡೆಯಿಂದ ಮೂರಡಿ ಹೊರಗೆ ಚಾಚಿರಲಿ. ಮಳೆಗೆ ಕಂಬಳಿ ಕೊಪ್ಪೆ ಹಾಕಿಕೊಂಡವರ ಹೆಗಲು ಒದ್ದೆಯಾಗುತ್ತಿರಲಿಲ್ಲ, ನೆನಪಿದೆಯಾ? ಗೋಡೆಗೂ ಅಷ್ಟು ಮರೆ ಬೇಕು. ಪಂಚಾಂಗ ಎರಡಡಿ ಎತ್ತರ ಇಡಿ, ಸೂರಿನ ನೀರು ನೆಲಕ್ಕೆ ಬಡಿದು ಸಿಡಿಯುವುದು ಅಷ್ಟು ಎತ್ತರದ ತನಕ. ಪಶ್ಚಿಮದ ಗೋಡೆಗೆ ಮಳೆಗಾಲದಲ್ಲಿ ಅಡಿಕೆ ಸೋಗೆಯ ತಟ್ಟಿಯನ್ನು ಮರೆಯಾಗಿ ಕಟ್ಟಿದರೆ ಇನ್ನೂ ನೆಮ್ಮದಿ. ಬಂದವರೂ ಅದನ್ನು ಇಷ್ಟಪಟ್ಟು ನೋಡುತ್ತಾರೆ.

ಹೆಂಚು ಹೊಸದು ಬೇಡ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಈ ಹೆಂಚು ಊರೂರಿಗೂ ಹಬ್ಬಿತು. ಮನೆ ಕೆಡವಿದಲ್ಲಿ ಈಗಲೂ ಗಟ್ಟಿ ಹೆಂಚು ಸಿಗುತ್ತದೆ. ಒಂದೊಂದನ್ನೂ ಬೆರಳಿನಿಂದ ಬಡಿದು ಸದ್ದು ಕೇಳಿ ಆರಿಸಿ. ಮಂಗಗಳ ಕಾಟ ಇದ್ದರೆ ಪಕಾಸಿ ಮೇಲೆ ತೆಳು ಶೀಟು ಹಾಸಿ, ಅದರ ಮೇಲೆ ರೀಪು (ಮರದ ಅಡ್ಡಪಟ್ಟಿ) ಹೊಡೆದು ಹೆಂಚು ಹೊದಿಸಿ. ನಾಲ್ಕು ಹೆಂಚು ಒಡೆದರೂ ಮಲಗಿದವರ ಮೇಲೆ ನೀರು ಸೋರುವುದಿಲ್ಲ.

ಬಚ್ಚಲು ನೀರು ಬಾಳೆಬುಡಕ್ಕೆ ಹೋಗಲಿ. ಶೌಚದ ಗುಂಡಿ ಬಾವಿಯಿಂದ ಆದಷ್ಟು ದೂರ, ಇಳಿಜಾರಿನ ಕೆಳಗಿರಲಿ. ಜಂಬಿಟ್ಟಿಗೆ ನೆಲದಲ್ಲಿ ನೀರು ಬೇಗ ಇಳಿದುಹೋಗುತ್ತದೆ, ಇದರಲ್ಲಿ ಉದಾಸೀನ ಬೇಡ. ಪಂಚಾಯಿತಿ ಮತ್ತು ಪ್ರವಾಸೋದ್ಯಮ ಇಲಾಖೆಯಲ್ಲಿ ಪಾಯ ತೆಗೆಯುವ ಮೊದಲೇ ವಿಚಾರಿಸಿ.

ದುಡ್ಡು ಒಂದೂವರೆ ಕೋಣೆಗೆ ಇದೆ ಅಂದಿರಿ. ಒಂದೇ ಕಟ್ಟಿ. ದೀಪಾವಳಿ ಕಳೆದ ಮೇಲೆ ಬ್ಲಾಕ್ ಒತ್ತಲು ಶುರು ಮಾಡಿದರೆ ಮೃಗಶಿರ ಮಳೆಗೆ ಮೊದಲು ಹೆಂಚು ಏರಿಸಬಹುದು. ಪುನರ್ವಸು ಮಳೆ ಹೊಯ್ಯುವಾಗ ನೀವಿಬ್ಬರೇ ಆ ಕೋಣೆಯಲ್ಲಿ ನಾಲ್ಕು ರಾತ್ರಿ ಮಲಗಿ. ಎಲ್ಲಿ ಎರಚಲು ಬರುತ್ತದೆ, ಯಾವ ಮೂಲೆಯಲ್ಲಿ ಬೂಸಲು ಹಿಡಿಯುತ್ತದೆ ಅಂತ ಗೋಡೆಯ ಮೇಲೇ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಎರಡನೇ ಕೋಣೆಯ ನಕ್ಷೆ ಅದೇ.

ಅಲ್ಲಿಯ ತನಕ ಒಂದು ಕೆಲಸ ಮಾಡಿ. ಮೇಲಿನ ಎರಡಡಿ ಮಣ್ಣು ತೆಗೆದು, ಕೆಳಗಿನದನ್ನು ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಪಾಲು ತುಂಬಿ. ಅದಕ್ಕೆ ಚಿಟಿಕೆ ಉಪ್ಪು, ಮೇಲೆ ನೀರು. ಚೆನ್ನಾಗಿ ಕುಲುಕಿ ಒಂದು ದಿನ ಬಿಡಿ. ಅಡಿಯಲ್ಲಿ ಕೂತ ಮರಳು ಮೂರರಲ್ಲಿ ಎರಡು ಪಾಲು ಇದ್ದರೆ ಮಣ್ಣು ಒಳ್ಳೆಯದು. ಜೇಡಿ ಜಾಸ್ತಿ ಕಂಡರೆ ಜಲ್ಲಿಪುಡಿ ಬೆರೆಸಬೇಕು. ಪದರಗಳು ಎಷ್ಟೆಷ್ಟು ಇಂಚು ಬಂತು ಅಂತ ಅಳೆದು ಬರೆಯಿರಿ, ಎಷ್ಟು ಬೆರೆಸಬೇಕು ಅಂತ ತಿಳಿಸುತ್ತೇನೆ.