ಮಾಜ್ದಾ ಎಂಎಕ್ಸ್-5 ಸ್ಪೋರ್ಟ್ಸ್ ಕಾರನ್ನು ದಿನವೂ ಓಡಿಸುತ್ತೇನೆ, ಅಪರೂಪಕ್ಕೆ ರೇಸ್ ಟ್ರ್ಯಾಕ್‌ಗೂ ಹೋಗುತ್ತೇನೆ. ಯಾವ ಬ್ರೇಕ್ ಪ್ಯಾಡ್ ಹಾಕಿಸಲಿ?
ದಯವಿಟ್ಟು ರೇಸಿಂಗ್ ಪ್ಯಾಡ್ ಹಾಕಿಸಿಕೊಂಡು ದಿನಾ ಓಡಾಡಬೇಡಿ. ಅದು ಚೆನ್ನಾಗಿ ಹಿಡಿಯುವುದು ಬಿಸಿಯಾದ ಮೇಲೆಯೇ. ಬೆಳಗ್ಗೆ ಮನೆಯಿಂದ ಹೊರಟು ಮೊದಲ ಸಿಗ್ನಲ್‌ನಲ್ಲಿ ಬ್ರೇಕ್ ಒತ್ತಿದಾಗ ಪ್ಯಾಡ್ ತಣ್ಣಗೇ ಇರುತ್ತದೆ, ಗಾಡಿ ನಿಲ್ಲಲು ಜಾಸ್ತಿ ದೂರ ಬೇಕಾಗುತ್ತದೆ. ಅಪಾಯ ಅಲ್ವಾ? ಜೊತೆಗೆ ಕೀರಲು ಸದ್ದು, ಚಕ್ರದ ತುಂಬಾ ಕಪ್ಪು ಪುಡಿ, ಡಿಸ್ಕ್ ಸವೆತ ಬೇರೆ.

ರಸ್ತೆಗೆಂದು ಮಾಡಿದ ಮಾಮೂಲಿ ಸೆರಾಮಿಕ್ ಪ್ಯಾಡ್‌ನಲ್ಲಿ ಸದ್ದು, ಪುಡಿ ಕಡಿಮೆ. ಆದರೆ ಟ್ರ್ಯಾಕ್‌ನಲ್ಲಿ ಮೇಲಿಂದ ಮೇಲೆ ಜೋರಾಗಿ ಒತ್ತಿದರೆ ಕಾದು ಹಿಡಿತ ಸಡಿಲವಾಗುತ್ತದೆ.

ನನ್ನ ಪ್ರಕಾರ ಎರಡು ಸೆಟ್ ಇಟ್ಟುಕೊಳ್ಳುವುದೇ ಸರಿ. ರಸ್ತೆಗೆ ಸ್ಟ್ರೀಟ್ ಪ್ಯಾಡ್, ಟ್ರ್ಯಾಕ್‌ಗೆ ಹೋಗುವಾಗ ಬಿಸಿ ತಡೆಯುವ ಇನ್ನೊಂದು. ಈ ಗಾಡಿ ಹಗುರ, ಸುಮಾರು 1,000 ಕೆಜಿ ಅಷ್ಟೇ. ಹಾಗಾಗಿ ಟ್ರ್ಯಾಕ್‌ಗೂ ತೀರಾ ಜೋರಿನ ರೇಸಿಂಗ್ ಪ್ಯಾಡ್ ಬೇಕಿಲ್ಲ. ಬ್ರೇಕ್ ಆಯಿಲ್ ಹಳೆಯದಾಗಿದ್ದರೆ ಟ್ರ್ಯಾಕ್‌ಗೆ ಮುಂಚೆ ಅದನ್ನೂ ಬದಲಿಸಿ.